ಎಂಜಿನ್ ಬದಲಾಯಿಸಿದ್ಮೇಲೆ ನಮ್ಮ ಹಳೇ ಕಾರು ಕೊಟ್ಟ ತೊಂದ್ರೆಗಳು

ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿತ್ತು. ಬೆಚ್ಚಗಲ್ಲ, ಬೆರಳಿಟ್ರೆ ಚುರ್ ಅನ್ನೋಷ್ಟು ಬಿಸಿ. ಎಂಜಿನ್ ಇನ್ನೂ ಸ್ಟಾರ್ಟೇ ಆಗಿರ್ಲಿಲ್ಲ, ಸೈಲೆನ್ಸರ್ ತಣ್ಣಗಿತ್ತು, ರೇಡಿಯೇಟರ್ ತಣ್ಣಗಿತ್ತು, ನಾಲ್ಕೈದು ಸಲ ಸೆಲ್ಫ್ ಹೊಡೆದಿದ್ದಷ್ಟೇ, ಅದೂ ಬ್ಯಾಟರಿ ಸತ್ತೋಗಿರೋ ಥರ ಉಂ ಉಂ ಅಂತ ಎಳೀತಿತ್ತು. ಬ್ಯಾಟರಿ ಹೊಸದು, ಮೀಟರ್ ಇಟ್ಟು ನೋಡಿದ್ರೆ 12.6 ವೋಲ್ಟ್. ಹಂಗಾದ್ರೆ ಕೇಬಲ್ ಯಾಕೆ ಬಿಸಿ?

ಇದಕ್ಕೆ ಉತ್ತರ ಸಿಕ್ಕಿದ ದಿನಾನೇ ನಂಗೆ ಮುಂದಿನ ಕೆಲ್ಸ ಹೆಂಗೆ ಮಾಡ್ಬೇಕು ಅಂತ ಗೊತ್ತಾಗಿದ್ದು, ಅದಕ್ಕೇ ಅಲ್ಲಿಂದ್ಲೇ ಶುರು ಮಾಡ್ತಿದೀನಿ.

ಕಾರು 1986ರ ಮಾಡಲ್, ಅಪ್ಪ ತಗೊಂಡಿದ್ದು. ಹಿಂದಿನ ಚಕ್ರಕ್ಕೆ ಪವರ್ ಹೋಗೋ ಗಾಡಿ, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಪಾಯಿಂಟ್ ಸೆಟ್ಟು ಎಲ್ಲಾ ಹಳೇ ಕಾಲದ್ದು. ಹಳೇ ಎಂಜಿನ್ ಬ್ಲಾಕ್ ಬಿರುಕು ಬಿಟ್ಟು ಆಯಿಲ್ ಒಳಗೆ ನೀರು ಸೇರಿ ಹಾಲು ಕಾಫಿ ಬಣ್ಣಕ್ಕೆ ಬಂದಿತ್ತು, ಅದಕ್ಕೂ ಮುಂಚೆನೇ ಎರಡ್ಸಲ ಬೋರ್ ಆಗಿದ್ರಿಂದ ಇನ್ನೊಂದ್ಸಲ ಬೋರ್ ಮಾಡ್ಸೋಕೆ ಲೋಹಾನೂ ಉಳಿದಿರ್ಲಿಲ್ಲ. ಕಾರು ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಬಾಡಿ ಗಟ್ಟಿಯಾಗಿದೆ, ಚಾಸಿಗೆ ತುಕ್ಕು ಹಿಡಿದಿಲ್ಲ. ಅದಕ್ಕೆ 2004ರ ಮಾಡಲ್ ಕಾರೊಂದರ 1.6 ಲೀಟರ್ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸೋ) ಎಂಜಿನ್ನು, ಅದರ ಗೇರ್ ಬಾಕ್ಸು, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್), ವೈರಿಂಗ್ ಸಮೇತ ತಂದೆ. ಆ ಕಾರಲ್ಲಿ ಎಂಜಿನ್ ಓಡ್ತಿದ್ದಿದ್ದನ್ನ ಕಿವಿಯಾರೆ ಕೇಳಿದ್ದೆ, ಕಂಪ್ರೆಷನ್ ನೋಡಿದ್ರೆ ನಾಲ್ಕೂ ಸಿಲಿಂಡರ್ 12 ಬಾರ್ ಆಸುಪಾಸು. ಅಂದ್ರೆ ಎಂಜಿನ್ ಚೆನ್ನಾಗಿತ್ತು, ಕಾರೂ ಚೆನ್ನಾಗಿತ್ತು. ಎರಡೂ ಒಂದನ್ನೊಂದು ಮುಟ್ಟೋ ಜಾಗದಲ್ಲೇ ಎಲ್ಲಾ ತೊಂದ್ರೆ ಕೂತಿತ್ತು: ವೈರು, ಹೋಸು, ಮೌಂಟಿಂಗು, ಶಾಫ್ಟು. ಇದನ್ನ ನಾನು ಮೊದಲ ದಿನಾನೇ ಅರ್ಥ ಮಾಡ್ಕೊಂಡಿದ್ರೆ ಎಂಜಿನ್ ಒಳಗೆ ಕೈ ಹಾಕಿ ಕಳೆದ ಎಷ್ಟೋ ಸಂಜೆ ಉಳೀತಿತ್ತು.

ಕೇಬಲ್ ವಿಷ್ಯಕ್ಕೆ ಬರ್ತೀನಿ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹರಿಯಲ್ಲ, ಹಂಗಾಗಿ ಎಂಜಿನ್ನಿಂದ ಬಾಡಿಗೆ ಇಲ್ಲಾ ಬ್ಯಾಟರಿ ನೆಗೆಟಿವ್‌ಗೆ ಒಂದು ದಪ್ಪ ಅರ್ಥ್ ಪಟ್ಟಿ ಇರ್ಲೇಬೇಕು. ನಮ್ಮ ಹಳೇ ಎಂಜಿನ್ನಿಗೆ ಅದು ಗೇರ್ ಬಾಕ್ಸ್ ಬೋಲ್ಟಿಗೆ ಇತ್ತು, ಇಳಿಸುವಾಗ ಬಿಚ್ಚಿದ್ದು, ಹೊಸ ಗೇರ್ ಬಾಕ್ಸಲ್ಲಿ ಆ ಜಾಗದಲ್ಲಿ ಬೋಲ್ಟೇ ಇಲ್ಲ, ಆಮೇಲೆ ಹಾಕೋಣ ಅಂತ ಬಿಟ್ಟಿದ್ದು ಹಂಗೇ ಮರೆತೋಯ್ತು. ಸೆಲ್ಫ್ ಮೋಟರ್ ನೂರು ಆಂಪಿಯರ್‌ಗೂ ಮೇಲೆ ಎಳೆಯುತ್ತೆ. ಅಷ್ಟು ಕರೆಂಟ್ ವಾಪಸ್ ಹೋಗೋಕೆ ದಾರಿ ಇಲ್ದೆ ಸಿಕ್ಕಿದ ದಾರಿ ಹಿಡೀತು, ಅದೇ ಆಕ್ಸಿಲರೇಟರ್ ಕೇಬಲ್ಲು, ಒಳಗಿರೋ ತೆಳ್ಳನೆ ಸ್ಟೀಲ್ ತಂತಿ. ಅದಕ್ಕೇ ಅದು ಹೀಟರ್ ಕಾಯಿಲ್ ಥರ ಕಾದಿದ್ದು.

ಇದನ್ನ ಹಿಡಿಯೋ ಟೆಸ್ಟು ತುಂಬಾ ಸುಲಭ, ಆದ್ರೂ ಮಾಡೋರು ಕಮ್ಮಿ. ಮಲ್ಟಿಮೀಟರನ್ನ ಡಿಸಿ ವೋಲ್ಟಿಗಿಟ್ಟು ಒಂದು ಮುಳ್ಳು ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಲೋಹದ ಮೇಲೆ ಒತ್ತಿ ಹಿಡಿದು, ಇನ್ನೊಬ್ರಿಗೆ ಸೆಲ್ಫ್ ಹೊಡೀರಿ ಅನ್ನಿ. ಅರ್ಥಿಂಗ್ ಸರಿ ಇದ್ರೆ 0.2 ವೋಲ್ಟಿನ ಒಳಗಿರುತ್ತೆ. ನನ್ನದು 1.7 ತೋರಿಸ್ತು. ಅಲ್ಲಿಗೆ ವಿಷ್ಯ ಮುಗೀತು. ಬ್ಯಾಟರಿ ನೆಗೆಟಿವಿಂದ ಸೀದಾ ಗೇರ್ ಬಾಕ್ಸ್ ಮುಂಭಾಗದ ಬೆಲ್ ಹೌಸಿಂಗಿಗೆ ಒಂದು ದಪ್ಪ ಕೇಬಲ್, ಬ್ಲಾಕಿನಿಂದ ಬಾಡಿಗೆ ಇನ್ನೊಂದು ಪಟ್ಟಿ, ಎರಡೂ ಕಡೆ ಪೇಂಟ್ ಉಜ್ಜಿ ತೆಗೆದು ಲೋಹ ಹೊಳೆಯೋ ಹಂಗೆ ಮಾಡಿ ಬಿಗಿದೆ. ಮತ್ತೆ ಅಳೆದ್ರೆ 0.1. ಸೆಲ್ಫ್ ಗರ್ ಅಂತ ತಿರುಗ್ತು. ಕೇಬಲ್ಲನ್ನ ಮಾತ್ರ ಬದಲಾಯಿಸ್ಬಿಡಿ, ಒಂದ್ಸಲ ಹಂಗೆ ಕಾದ ಕೇಬಲ್ ಒಳಗಿನ ಪ್ಲಾಸ್ಟಿಕ್ ಕರಗಿ ಮುಂದೆ ಯಾವತ್ತೋ ಒಂದಿನ ಆಕ್ಸಿಲರೇಟರ್ ಒತ್ತಿದ ಜಾಗದಲ್ಲೇ ಸಿಕ್ಕಾಕಿಕೊಂಡ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡಿ.

ಸೆಲ್ಫ್ ಚೆನ್ನಾಗಿ ತಿರುಗ್ತು, ಆದ್ರೆ ಎಂಜಿನ್ ಹತ್ತಲಿಲ್ಲ. ಅಲ್ಲಲ್ಲ, ಹತ್ತುತ್ತೆ, ಆದ್ರೆ ವಿಚಿತ್ರವಾಗಿ. ಸೆಲ್ಫ್ ಹೊಡೀತಾ ಇರೋವರೆಗೂ ಒಂದು ಕೆಮ್ಮೂ ಇಲ್ಲ, ಸಾಕು ಅಂತ ಕೀ ಬಿಟ್ಟ ಕ್ಷಣಕ್ಕೆ ಸರಿಯಾಗಿ ಒಂದ್ಸಲ ಬುರ್ ಅನ್ನುತ್ತೆ, ಕೆಲವು ಸಲ ಹಿಡ್ಕೊಳ್ಳುತ್ತೆ, ಕೆಲವು ಸಲ ಇಲ್ಲ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆಯಾ ಅಂತ ಕವರ್ ಬಿಚ್ಚಿ ಮಾರ್ಕ್ ನೋಡ್ದೆ, ಸರಿ ಇತ್ತು. ಕ್ರ್ಯಾಂಕ್ ಸೆನ್ಸರ್ ಗ್ಯಾಪ್ ನೋಡ್ದೆ, ಸರಿ ಇತ್ತು. ಒಂದಿಡೀ ದಿನ ಹೋಯ್ತು. ಕೊನೆಗೆ ವೈರಿಂಗ್ ಗೊತ್ತಿರೋ ಗೆಳೆಯ ಬಂದು ಐದು ನಿಮಿಷ ಸುಮ್ನೆ ನಿಂತು ಕೇಳಿಸ್ಕೊಂಡು "ಗುರು, ಇಸಿಎಂಗೆ ಕರೆಂಟ್ ಯಾವ ವೈರಿಂದ ಕೊಟ್ಟಿದೀಯ?" ಅಂದ.

ಇಗ್ನಿಷನ್ ಸ್ವಿಚ್ಚಿಂದ ಬರೋ ಒಂದು ವೈರಿಂದ ಕೊಟ್ಟಿದ್ದೆ, ಕೀ ಆನ್ ಮಾಡಿದ್ರೆ 12 ವೋಲ್ಟ್ ಬರ್ತಿತ್ತು, ಸಾಕಲ್ವಾ ಅನ್ಕೊಂಡಿದ್ದೆ. ಹಳೇ ಕಾರುಗಳ ಸ್ವಿಚ್ಚಲ್ಲಿ ಕೆಲವು ವೈರು ಕೀ ಆನಲ್ಲಿದ್ದಾಗ ಜೀವಂತ ಇರುತ್ತೆ, ಸ್ಟಾರ್ಟಿಗೆ ತಿರುಗಿಸಿದ ತಕ್ಷಣ ಸತ್ತೋಗುತ್ತೆ, ಸೆಲ್ಫಿಗೆ ಪೂರ್ತಿ ಬ್ಯಾಟರಿ ಸಿಗ್ಲಿ ಅಂತ ರೇಡಿಯೋ, ಫ್ಯಾನ್, ವೈಪರ್ ಎಲ್ಲಾ ಆ ಹೊತ್ತಿಗೆ ಕಟ್ ಮಾಡೋ ಏರ್ಪಾಡು ಅದು. ನಾನು ಹಿಡಿದಿದ್ದು ಅದೇ ವೈರು. ಸೆಲ್ಫ್ ತಿರುಗ್ತಾ ಇರೋವಾಗ ಇಸಿಎಂ ಆಫ್, ಕೀ ಬಿಟ್ಟಾಗ ಇಸಿಎಂ ಆನ್, ಅಷ್ಟರಲ್ಲಿ ಎಂಜಿನ್ ಇನ್ನೂ ಎರಡು ಸುತ್ತು ತಿರುಗ್ತಿರುತ್ತೆ, ಆ ಎರಡು ಸುತ್ತಲ್ಲೇ ಆ ಬುರ್. ಎಂಜಿನ್ನಿಂದ ಹೆಂಗೆ ಶಬ್ದ ಬರ್ತಿದೆ ಅನ್ನೋದ್ರಲ್ಲೇ ಉತ್ತರ ಇತ್ತು, ನಾನು ಕವರ್ ಬಿಚ್ತಾ ಕೂತಿದ್ದೆ.

ಇಲ್ಲೇ ಇನ್ನೊಂದು ವಿಷ್ಯ ಹೇಳ್ಬೇಕು. ಪಾಯಿಂಟ್ ಸೆಟ್ ಇದ್ದ ಎಷ್ಟೋ ಹಳೇ ಕಾರುಗಳಲ್ಲಿ ಕಿಡಿ ಕೊಡೋ ಕಾಯಿಲ್‌ಗೆ ಹೋಗೋ ವೈರಲ್ಲಿ ವೋಲ್ಟೇಜ್ ತಗ್ಗಿಸೋ ಬ್ಯಾಲಸ್ಟ್ ರೆಸಿಸ್ಟರ್ ಇರುತ್ತೆ, ಕೆಲವದ್ರಲ್ಲಿ ವೈರೇ ರೆಸಿಸ್ಟೆನ್ಸ್ ವೈರು, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಮೀಟರ್ ಇಟ್ರೆ 12 ವೋಲ್ಟ್ ತೋರಿಸುತ್ತೆ ಯಾಕಂದ್ರೆ ಮೀಟರ್ ಕರೆಂಟ್ ಎಳೆಯೋದೇ ಇಲ್ಲ ಅನ್ನೋಷ್ಟು ಕಮ್ಮಿ, ಹೊಸ ಕಾಯಿಲ್ ಪ್ಯಾಕ್ ಜೋಡಿಸಿ ಲೋಡ್ ಬಿದ್ದ ತಕ್ಷಣ 8ಕ್ಕೋ 9ಕ್ಕೋ ಇಳಿಯುತ್ತೆ. ಅದಕ್ಕೆ ಹಳೇ ವೈರನ್ನ ನಂಬೋಕೆ ಮುಂಚೆ ಅದಕ್ಕೊಂದು ಹೆಡ್‌ಲೈಟ್ ಬಲ್ಬ್ ಜೋಡಿಸಿ ಉರಿಸಿ ನೋಡಿ, ಬಲ್ಬ್ ಉರೀತಾ ಇರುವಾಗ್ಲೇ ವೋಲ್ಟೇಜ್ ಅಳೀರಿ. ನಾನೀಗ ಇಸಿಎಂಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿ ಸೀದಾ ಬೇರೆ ಲೈನ್ ಎಳೆದು ಮಧ್ಯೆ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು) ಇಟ್ಟಿದೀನಿ, ಹಳೇ ಸ್ವಿಚ್ ವೈರು ಆ ರಿಲೇನ ಎತ್ತೋಕೆ ಮಾತ್ರ, ಅದೂ ಆನ್ ಮತ್ತೆ ಸ್ಟಾರ್ಟ್ ಎರಡರಲ್ಲೂ ಜೀವಂತ ಇರೋ ವೈರು.

ಎಂಜಿನ್ ಅರ್ಧ ಸುತ್ತಿಗೇ ಹತ್ತಿತು. ಐದು ನಿಮಿಷ ಓಡಿಸಿ ಖುಷಿಯಲ್ಲಿ ಕೀ ಆಫ್ ಮಾಡ್ದೆ. ಎಂಜಿನ್ ನಿಲ್ಲಲಿಲ್ಲ. ಕೀ ತೆಗೆದು ಕೈಯಲ್ಲಿ ಹಿಡ್ಕೊಂಡಿದೀನಿ, ಎಂಜಿನ್ ಆರಾಮಾಗಿ ಐಡ್ಲಿಂಗಲ್ಲಿ ಓಡ್ತಿದೆ. ಅಪ್ಪ ಬಾಗಿಲಿಂದ ನೋಡಿ "ಕೀ ತೆಗೆದ್ರೂ ಓಡ್ತಾನೇ ಇದೆಯಲ್ಲೋ!" ಅಂದ್ರು. ಗೇರ್ ಹಾಕಿ ಬ್ರೇಕ್ ಹಿಡಿದು ಕ್ಲಚ್ ಬಿಟ್ಟು ನಿಲ್ಲಿಸ್ಬೇಕಾಯ್ತು.

ಇದು ನಾನು ಹಾಕಿದ ರಿಲೇದಿಂದ್ಲೇ ಬಂದ ತೊಂದ್ರೆ. ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಚಿಹ್ನೆಯ ಚಾರ್ಜಿಂಗ್ ಲ್ಯಾಂಪ್ ಇರುತ್ತಲ್ಲ, ಅದು ಬರೀ ಎಚ್ಚರಿಕೆ ದೀಪ ಅಲ್ಲ, ಆ ಬಲ್ಬಿನ ಮೂಲಕ ಹೋಗೋ ಚೂರು ಕರೆಂಟೇ ಆಲ್ಟರ್ನೇಟರನ್ನ ಮೊದಲು ಎಬ್ಬಿಸೋದು. ಎಂಜಿನ್ ಓಡ್ತಿರುವಾಗ ಆಲ್ಟರ್ನೇಟರಿನ ಆ ಟರ್ಮಿನಲ್ಲೂ 14 ವೋಲ್ಟ್ ಹತ್ರ ಇರುತ್ತೆ. ಕೀ ಆಫ್ ಮಾಡಿದಾಗ ಸ್ವಿಚ್ ಕಡೆ ಕರೆಂಟ್ ಹೋಯ್ತು, ಆದ್ರೆ ಆಲ್ಟರ್ನೇಟರ್ ಕಡೆಯಿಂದ ಅದೇ ಬಲ್ಬಿನ ಮೂಲಕ ಕರೆಂಟ್ ಉಲ್ಟಾ ಹರಿದು ನನ್ನ ರಿಲೇ ಕಾಯಿಲ್‌ಗೆ ಬಂತು. ರಿಲೇ ಎತ್ತೋಕೆ ಜಾಸ್ತಿ ವೋಲ್ಟೇಜ್ ಬೇಕು, ಎತ್ತಿದ್ದನ್ನ ಹಿಡಿದಿಟ್ಕೊಳ್ಳೋಕೆ ಸ್ವಲ್ಪ ಸಾಕು. ಹಂಗಾಗಿ ಇಸಿಎಂ ಆನಲ್ಲೇ ಉಳೀತು, ಎಂಜಿನ್ ಓಡ್ತು, ಎಂಜಿನ್ ಓಡಿದ್ರಿಂದ ಆಲ್ಟರ್ನೇಟರ್ ಓಡ್ತು. ಲ್ಯಾಂಪ್ ವೈರಲ್ಲಿ ಕರೆಂಟನ್ನ ಒಂದೇ ಕಡೆಗೆ ಬಿಡೋ ಒಂದು ಆಂಪಿಯರಿನ ಸಣ್ಣ ಡಯೋಡ್ ಹಾಕ್ದೆ, ಬೆಳ್ಳಿ ಗೆರೆ ಇರೋ ತುದಿ ಆಲ್ಟರ್ನೇಟರ್ ಕಡೆ. ಕೀ ತೆಗೆದ್ರೆ ಎಂಜಿನ್ ನಿಲ್ಲುತ್ತೆ ಈಗ. ಇದೇ ಜಾಗದಲ್ಲಿ ಇನ್ನೊಂದು ತಪ್ಪು ಆಗೋದುಂಟು, ಡ್ಯಾಶ್‌ಬೋರ್ಡ್ ಬಲ್ಬನ್ನ ಎಲ್‌ಇಡಿಗೆ ಬದಲಾಯಿಸಿರೋರಿಗೆ ಆಲ್ಟರ್ನೇಟರ್ ಎದ್ದೇಳೋದೇ ಇಲ್ಲ, ಎಲ್‌ಇಡಿ ಎಳೆಯೋ ಕರೆಂಟ್ ಅದಕ್ಕೆ ಸಾಲಲ್ಲ, ಒಂದು ಸಣ್ಣ ಬಲ್ಬ್ ಇಲ್ಲಾ ರೆಸಿಸ್ಟರನ್ನ ಅದರ ಜೊತೆ ಪ್ಯಾರಲಲ್ ಆಗಿ ಹಾಕ್ಬೇಕು.

ಕರೆಂಟ್ ಕಥೆ ಸಾಕು, ನೀರಿನ ವಿಷ್ಯಕ್ಕೆ ಬರೋಣ, ನನ್ನ ನಿದ್ದೆ ಕೆಡಿಸಿದ್ದು ಇದು.

ಓಡಿಸ್ತಾ ಇದ್ರೆ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ, ಸಿಗ್ನಲ್ಲಲ್ಲಿ ನಿಂತ್ರೆ ಕೆಂಪಿಗೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಸೀಲ್) ಹೋಗಿದೆ ಅಂತ ನೋಡಿದವರೆಲ್ಲ ಹೇಳಿದ್ರು. ನಂಗೂ ಅದೇ ಭಯ. ಆದ್ರೆ ಈ ಸಲ ಏನೂ ಬಿಚ್ಚೋಕೆ ಮುಂಚೆ ಅಳೆಯೋಣ ಅಂತ ತೀರ್ಮಾನ ಮಾಡ್ದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ್ಮೇಲೆ ತೆರೆದು ನೀರನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ಹೌಸಿಂಗ್ ಮೇಲೆ ಹಿಡಿದ್ರೆ 60 ಡಿಗ್ರಿ ತೋರಿಸ್ತು, ಅದು ಸಾಧ್ಯಾನೇ ಇಲ್ಲ, ಕೈ ಇಡೋಕೆ ಆಗ್ತಿಲ್ಲ. ಆಮೇಲೆ ಗೊತ್ತಾಯ್ತು ಹೊಳೆಯೋ ಅಲ್ಯೂಮಿನಿಯಂ ಮೇಲೆ ಈ ಥರ್ಮಾಮೀಟರ್ ಕಮ್ಮಿ ತೋರಿಸುತ್ತೆ, ಲೋಹ ಕನ್ನಡಿ ಥರ ಸುತ್ತಲಿನ ಶಾಖಾನ ಪ್ರತಿಫಲಿಸುತ್ತೆ. ಕಪ್ಪು ಇನ್ಸುಲೇಷನ್ ಟೇಪ್ ತುಂಡು ಅಂಟಿಸಿ ಅದರ ಮೇಲೆ ಹಿಡಿದೆ. ಓಡಿಸಿ ಬಂದ ತಕ್ಷಣ 89 ಡಿಗ್ರಿ. ಥರ್ಮೋಸ್ಟಾಟ್ ಮೇಲೆ 82 ಅಂತ ಬರೆದಿದೆ, ಹಂಗಾಗಿ 89 ಅಂದ್ರೆ ಪೂರ್ತಿ ಆರೋಗ್ಯ. ಡ್ಯಾಶ್‌ಬೋರ್ಡ್ ಮುಳ್ಳು ಮಾತ್ರ ಮುಕ್ಕಾಲು. ನಿಂತಲ್ಲೇ ಹತ್ತು ನಿಮಿಷ ಐಡ್ಲಿಂಗ್ ಬಿಟ್ಟೆ, 104ಕ್ಕೆ ಹೋಯ್ತು, ಇನ್ನೂ ಏರ್ತಿತ್ತು.

ಅಂದ್ರೆ ಅಲ್ಲಿ ಒಂದಲ್ಲ ಎರಡು ತೊಂದ್ರೆ ಒಂದರ ಮೇಲೊಂದು ಕೂತಿತ್ತು. ಒಂದು ಮೀಟರ್ ಸುಳ್ಳು ಹೇಳ್ತಿದೆ, ಇನ್ನೊಂದು ನಿಂತಾಗ ನಿಜವಾಗ್ಲೂ ಹೀಟ್ ಆಗ್ತಿದೆ. ಎರಡನ್ನೂ ಒಂದೇ ಅಂತ ತಿಳ್ಕೊಂಡಿದ್ರೆ ಹೆಡ್ ಇಳಿಸಿಬಿಡ್ತಿದ್ದೆ ಖಂಡಿತ.

ನಿಂತಾಗ ಹೀಟ್, ಓಡುವಾಗ ಸರಿ ಅಂದ್ರೆ ನೋಡ್ಬೇಕಾದ್ದು ಗಾಳಿ. ಫ್ಯಾನ್ ಜೋರಾಗೇ ತಿರುಗ್ತಿತ್ತು. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದೆ, ರೇಡಿಯೇಟರ್ ಕಡೆ ಎಳ್ಕೊಂಡು ಅಂಟ್ಕೋಬೇಕಿತ್ತು, ಅದು ನನ್ನ ಕಡೆಗೇ ಹಾರಿ ಬಂತು. ಫ್ಯಾನಿನ ಎರಡು ವೈರ್ ಅದಲು ಬದಲಾಗಿತ್ತು, ಡಿಸಿ ಮೋಟರ್ ಆದ್ರಿಂದ ಉಲ್ಟಾ ತಿರುಗಿ ಗಾಳಿನ ಮುಂದಕ್ಕೆ ದೂಡ್ತಿತ್ತು. ಓಡುವಾಗ ಮುಂದಿಂದ ಬರೋ ಗಾಳಿ ಅದನ್ನ ಮೀರಿಸ್ತಿತ್ತು, ನಿಂತಾಗ ಎಂಜಿನ್ ಕೋಣೆಯ ಬಿಸಿ ಗಾಳಿನೇ ರೇಡಿಯೇಟರ್ ಮೂಲಕ ಹೊರಗೆ ಹೋಗ್ತಿತ್ತು. ವೈರ್ ತಿರುಗಿಸಿ ಹಾಕ್ದೆ. 104 ಇದ್ದಿದ್ದು 96ಕ್ಕೆ ಬಂತು, ಆದ್ರೂ ಆಗಾಗ ತಟ್ಟಂತ ಏರಿ ಇಳೀತಿತ್ತು.

ಒಂದು ಗುರುತು ಹೇಳ್ತೀನಿ ನೆನಪಿಟ್ಕೊಳ್ಳಿ: ಎಂಜಿನ್ ಬಿಸಿಯಾಗಿದೆ, ಆದ್ರೆ ಕಾರೊಳಗಿನ ಹೀಟರ್ ಆನ್ ಮಾಡಿದ್ರೆ ತಣ್ಣನೆ ಗಾಳಿ ಬರ್ತಿದೆ ಅಂದ್ರೆ ನೀರಲ್ಲಿ ಏರ್ ಲಾಕ್ ಇದೆ, ಇಲ್ಲಾ ಕೂಲೆಂಟ್ ಕಮ್ಮಿ ಇದೆ. ಹಳೇ ಕಾರಿನ ರೇಡಿಯೇಟರ್ ಗಿಡ್ಡ, ಹೊಸ ಎಂಜಿನ್ನಿನ ನೀರಿನ ಔಟ್‌ಲೆಟ್ ಅದಕ್ಕಿಂತ ಎತ್ತರದಲ್ಲಿತ್ತು, ರೇಡಿಯೇಟರ್ ಬಾಯಿ ತುಂಬಿದ್ರೂ ಎಂಜಿನ್ ತಲೆಯಲ್ಲಿ ಗಾಳಿ ಹಂಗೇ ಉಳೀತಿತ್ತು. ಆ ಗಾಳಿ ಗುಳ್ಳೆ ಥರ್ಮೋಸ್ಟಾಟ್ ಹತ್ರ ಬಂದು ಕೂತ್ರೆ ಅದು ಬಿಸಿ ನೀರನ್ನ ಮುಟ್ಟೋದೇ ಇಲ್ಲ, ತಡವಾಗಿ ತೆರೆಯುತ್ತೆ, ಅದಕ್ಕೇ ಆ ಏರಿಳಿತ. ಕಾರಿನ ಮೂತಿನ ಜಾಕ್ ಹಾಕಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ರೇಡಿಯೇಟರ್ ಬಾಯಿನ ಎಲ್ಲಕ್ಕಿಂತ ಮೇಲೆ ತಂದು, ಹೀಟರ್ ಪೂರ್ತಿ ಬಿಸಿಗಿಟ್ಟು, ಕ್ಯಾಪ್ ತೆಗೆದು, ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡಿ ನಿಧಾನಕ್ಕೆ ತುಂಬಿಸ್ತಾ ಹೋದೆ, ಮೇಲಿನ ಹೋಸನ್ನ ಅವಾಗವಾಗ ಒತ್ತಿ ಬಿಡ್ತಾ ಇದ್ರೆ ಗುಳು ಗುಳು ಅಂತ ಗಾಳಿ ಬರೋದು ಕಾಣ್ಸುತ್ತೆ. ಮುಕ್ಕಾಲು ಲೀಟರ್ ಜಾಸ್ತಿ ಹಿಡೀತು. ಆಮೇಲೆ ಎಂಜಿನ್ನಿನ ಅತಿ ಎತ್ತರದ ಹೋಸಲ್ಲಿ ಗಾಳಿ ಬಿಡೋ ಸ್ಕ್ರೂ ಇರೋ ಜಾಯಿಂಟ್ ಹಾಕ್ದೆ, ಈಗ ಜಾಕ್ ಬೇಡ. ಬಿಸಿ ಇರುವಾಗ ಮಾತ್ರ ಕ್ಯಾಪ್ ಮುಟ್ಟಬೇಡಿ ದಯವಿಟ್ಟು, 0.9 ಬಾರ್ ಕ್ಯಾಪ್ ಅಂದ್ರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯದೆ ನಿಂತಿರುತ್ತೆ, ಕ್ಯಾಪ್ ತೆಗೆದ ಕ್ಷಣ ಒಟ್ಟಿಗೇ ಕುದ್ದು ಮುಖಕ್ಕೆ ಬರುತ್ತೆ.

ಸುಳ್ಳು ಹೇಳೋ ಮೀಟರಿಗೆ ಕಾರಣ ಸೆನ್ಸರ್. ಹಳೇ ಮೀಟರ್ ಹಳೇ ಸೆನ್ಸರಿನ ರೆಸಿಸ್ಟೆನ್ಸಿಗೆ ಅಂತ ಮಾಡಿದ್ದು, ಹೊಸ ಎಂಜಿನ್ ಜೊತೆ ಬಂದ ಸೆನ್ಸರಿನ ಲೆಕ್ಕಾನೇ ಬೇರೆ. ಇಸಿಎಂಗೆ ಹೋಗೋ ಎರಡು ವೈರಿನ ಸೆನ್ಸರಿಗೆ ಮೀಟರ್ ಜೋಡಿಸೋಕೆ ಹೋಗ್ಬೇಡಿ, ಇಸಿಎಂ ತಪ್ಪು ಟೆಂಪರೇಚರ್ ಓದಿ ಪೆಟ್ರೋಲ್ ಲೆಕ್ಕ ಕೆಡಿಸ್ಕೊಳ್ಳುತ್ತೆ. ಹಳೇ ಎಂಜಿನ್ನಿನ ಸೆನ್ಸರನ್ನೇ ಬಿಚ್ಚಿ ಮೇಲಿನ ಹೋಸ್ ಮಧ್ಯೆ ಒಂದು ಲೋಹದ ಜಾಯಿಂಟ್ ಹಾಕಿ ಅದಕ್ಕೆ ಕೂರಿಸ್ದೆ. ಮುಳ್ಳು ಅಲ್ಲಾಡಲೇ ಇಲ್ಲ. ಎರಡು ಕಡೆಯೂ ರಬ್ಬರ್ ಹೋಸು, ಮಧ್ಯದ ಲೋಹಕ್ಕೆ ಅರ್ಥ್ ಎಲ್ಲಿಂದ ಬರ್ಬೇಕು? ಮತ್ತೆ ಅದೇ ಅರ್ಥು. ಒಂದು ಕ್ಲಾಂಪಿಗೆ ಸಣ್ಣ ವೈರ್ ಸಿಕ್ಕಿಸಿ ಬ್ಲಾಕಿಗೆ ಕೊಟ್ಟೆ, ಮುಳ್ಳು ಅರ್ಧಕ್ಕೆ ಬಂದು ನಿಂತ್ಕೊಂಡಿತು, 1986ರಲ್ಲಿ ಎಲ್ಲಿ ನಿಲ್ತಿತ್ತೋ ಅಲ್ಲೇ.

ಐಡ್ಲಿಂಗ್ ಕಥೆ. ಸ್ಟಾರ್ಟ್ ಮಾಡಿ ಬಿಟ್ರೆ ಎಂಜಿನ್ 700 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) ಇಳಿಯುತ್ತೆ, 1600ಕ್ಕೆ ಏರುತ್ತೆ, ಮತ್ತೆ 700, ಉಸಿರಾಡೋ ಥರ ಗುಂಯ್ ಗುಂಯ್ ಅಂತಾನೇ ಇರುತ್ತೆ. ಥ್ರಾಟಲ್ ಬಾಡಿ ಕ್ಲೀನ್ ಮಾಡಿದ್ದಾಯ್ತು, ಐಡಲ್ ವಾಲ್ವ್ ಬೇರೆ ಹಾಕಿ ನೋಡಿದ್ದಾಯ್ತು. ಕೊನೆಗೆ ಇಸಿಎಂ ಒಳಗಿನ ದೋಷದ ಕೋಡ್ ಓದೋ ಸ್ಕ್ಯಾನರ್ ಹಾಕ್ದೆ. (ಎಂಜಿನ್ ಜೊತೆ ಸ್ಕ್ಯಾನರ್ ಸಿಕ್ಕಿಸೋ 16 ಪಿನ್ನಿನ ಓಬಿಡಿ ಸಾಕೆಟ್ ಕೂಡ ವೈರಿಂಗ್ ಸಮೇತ ಕಿತ್ಕೊಂಡು ಬನ್ನಿ, ಅದನ್ನ ಕತ್ತರಿಸಿ ಬಿಟ್ಟು ಬಂದ್ರೆ ಕಣ್ಣು ಕಟ್ಟಿದ ಹಂಗೆ.) ಕೋಡ್ ಪಿ0171, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಕೋಡ್ ನೋಡಿ ಆಕ್ಸಿಜನ್ ಸೆನ್ಸರ್ ಕೊಳ್ಳೋಕೆ ಓಡ್ಬಾರ್ದು, ಕೋಡಿಗಿಂತ ಫ್ಯೂಯಲ್ ಟ್ರಿಮ್ ನೋಡೋದು ಮುಖ್ಯ. ಐಡ್ಲಿಂಗಲ್ಲಿ ಟ್ರಿಮ್ +22%, ಅಂದ್ರೆ ಇಸಿಎಂ ಲೆಕ್ಕಕ್ಕಿಂತ ಅಷ್ಟು ಜಾಸ್ತಿ ಪೆಟ್ರೋಲ್ ಸುರಿದು ಸರಿ ಮಾಡೋಕೆ ಒದ್ದಾಡ್ತಿದೆ. ರೇಸ್ ಮಾಡಿ 2500ರಲ್ಲಿ ಹಿಡಿದ್ರೆ +4%. ಇದೊಂದೇ ಸಾಕು ಎಲ್ಲಿ ನೋಡ್ಬೇಕು ಅನ್ನೋಕೆ. ಎಲ್ಲೋ ಒಂದು ತೂತಿಂದ ಲೆಕ್ಕಕ್ಕೆ ಸಿಗದ ಗಾಳಿ ಬರ್ತಿದ್ರೆ ಐಡ್ಲಿಂಗಲ್ಲಿ ಅದು ಒಟ್ಟು ಗಾಳಿಯ ದೊಡ್ಡ ಪಾಲು, ಥ್ರಾಟಲ್ ತೆರೆದಾಗ ಬರೋ ಗಾಳಿ ಮುಂದೆ ಅದು ಜುಜುಬಿ. ತದ್ವಿರುದ್ಧವಾಗಿ ಐಡ್ಲಿಂಗಲ್ಲಿ ಸರಿ ಇದ್ದು ಲೋಡಲ್ಲಿ ಟ್ರಿಮ್ ಏರಿದ್ರೆ ಪಂಪು, ಫಿಲ್ಟರ್ ನೋಡ್ಬೇಕು. ನನ್ನ ಎಂಜಿನ್ನಲ್ಲಿ ಒಳಗೆ ಬರೋ ಗಾಳಿ ಅಳೆಯೋ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ ಅಂತ ಈ ಲೆಕ್ಕ ಇಷ್ಟು ಸ್ಪಷ್ಟ, ಅದರ ಬದಲು ಇನ್‌ಟೇಕ್ ಒಳಗಿನ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರೋ ಎಂಜಿನ್ನಲ್ಲಿ ಅದೇ ತೂತು ಸಾಮಾನ್ಯವಾಗಿ ಐಡ್ಲಿಂಗನ್ನೇ ಮೇಲಕ್ಕೆ ಎತ್ತಿಬಿಡುತ್ತೆ.

ಇನ್ನು ಆ ಏರಿಳಿತ ಯಾಕೆ ಅಂದ್ರೆ, ಥ್ರಾಟಲ್ ಮುಚ್ಚಿರುವಾಗ ಆರ್‌ಪಿಎಂ ಒಂದು ಮಿತಿ ದಾಟಿದ್ರೆ ಡ್ರೈವರ್ ಕಾಲು ತೆಗೆದು ಇಳಿಜಾರಲ್ಲಿ ಹೋಗ್ತಿದಾನೆ ಅಂತ ಇಸಿಎಂ ಪೆಟ್ರೋಲ್ ನಿಲ್ಲಿಸುತ್ತೆ. ಸೋರೋ ಗಾಳಿ ಎಂಜಿನ್ನನ್ನ ಆ ಮಿತಿಗೆ ಏರಿಸುತ್ತೆ, ಇಸಿಎಂ ಪೆಟ್ರೋಲ್ ಕಟ್ ಮಾಡುತ್ತೆ, ಆರ್‌ಪಿಎಂ ಬೀಳುತ್ತೆ, ಮತ್ತೆ ಕೊಡುತ್ತೆ, ಮತ್ತೆ ಏರುತ್ತೆ.

ಇನ್‌ಟೇಕಿಗೆ ಹೊಗೆ ಬಿಟ್ಟು ನೋಡಿದ್ವಿ. ಎರಡು ಕಡೆ ಹೊಗೆ ಬಂತು. ಒಂದು ಬ್ರೇಕ್ ಬೂಸ್ಟರ್ ಹೋಸು, ಹಳೇ ಹೋಸಿನ ಬಾಯಿ ದೊಡ್ಡದು, ಹೊಸ ಮ್ಯಾನಿಫೋಲ್ಡಿನ ಮೂತಿ ಸಣ್ಣದು, ಕ್ಲಾಂಪ್ ಎಷ್ಟು ಬಿಗಿದ್ರೂ ರಬ್ಬರ್ ಮಡಚ್ಕೊಂಡು ಸಂದು ಬಿಟ್ಟಿತ್ತು. ಬ್ರೇಕ್ ವಿಷ್ಯ ಆದ್ರಿಂದ ಇದನ್ನ ನೋಡಿ ಎದೆ ಧಸಕ್ ಅಂತು, ಆ ಹೋಸ್ ಕಳಚಿದ್ರೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ. ಸರಿಯಾದ ಅಳತೆಯ ವ್ಯಾಕ್ಯೂಮ್ ಹೋಸ್ ಹಾಕ್ದೆ. ಇನ್ನೊಂದು ಪೆಟ್ರೋಲ್ ಆವಿಯ ಕ್ಯಾನಿಸ್ಟರಿಗೆ ಹೋಗ್ಬೇಕಾದ ಸಣ್ಣ ಮೂತಿ, ಕ್ಯಾನಿಸ್ಟರ್ ಹಾಕಿರ್ಲಿಲ್ಲ, ಮೂತಿ ಬಾಯಿ ತೆರೆದೇ ಇತ್ತು, ವೈರಿಂಗ್ ಹಿಂದೆ ಅಡಗಿ ಕಾಣ್ತಿರ್ಲಿಲ್ಲ. ಈಗ ಟ್ರಿಮ್ +3%, ಐಡ್ಲಿಂಗ್ 800ರಲ್ಲಿ ಅಲ್ಲಾಡಲ್ಲ.

ಅದಾದ್ಮೇಲೂ ಗಾಡಿ ನಿಲ್ಲಿಸೋಕೆ ಬ್ರೇಕ್ ಒತ್ತಿ ಕ್ಲಚ್ ಹಿಡಿದಾಗ ಒಮ್ಮೊಮ್ಮೆ ಆಫ್ ಆಗ್ತಿತ್ತು. ಕೋಡ್ ಪಿ0500, ಸ್ಪೀಡ್ ಸೆನ್ಸರ್. ಸೆನ್ಸರ್ ಗೇರ್ ಬಾಕ್ಸ್ ಮೇಲೇ ಇತ್ತು, ಆದ್ರೆ ಮೂಲ ಕಾರಲ್ಲಿ ಅದರ ಸಿಗ್ನಲ್ ಸ್ಪೀಡೋಮೀಟರ್ ಮೂಲಕ ಸುತ್ತಿ ಇಸಿಎಂಗೆ ಬರ್ತಿತ್ತು, ಆ ಸ್ಪೀಡೋಮೀಟರ್ ಈಗ ನಮ್ಮ ಕಾರಲ್ಲಿ ಇಲ್ಲ. ಕಾರು ಚಲಿಸ್ತಿದೆ ಅಂತ ಇಸಿಎಂಗೆ ಗೊತ್ತಾಗದೆ ನಿಧಾನ ಆಗುವಾಗ ಐಡಲ್ ಗಾಳಿ ಮುಂಚಿತವಾಗಿ ಕೊಡ್ತಿರ್ಲಿಲ್ಲ. ಸರ್ಕ್ಯೂಟ್ ಡಯಾಗ್ರಮ್ ನೋಡಿ ಸಿಗ್ನಲ್ ಒಂದೇ ಥರದ್ದು ಅಂತ ಖಚಿತ ಮಾಡ್ಕೊಂಡು ಸೆನ್ಸರಿಂದ ಸೀದಾ ಇಸಿಎಂಗೆ ವೈರ್ ಕೊಟ್ಟೆ, ಮುಗೀತು.

ಇನ್ನೊಂದು ತೊಂದ್ರೆ ಮಾತ್ರ ತುಂಬಾ ದಿನ ಅಡಗಿ ಕೂತಿತ್ತು. ಎಡಕ್ಕೆ ಉದ್ದನೆ ತಿರುವಲ್ಲಿ, ಅದೂ ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ ಮಾತ್ರ, ಎರಡು ಸೆಕೆಂಡ್ ಎಂಜಿನ್ ಸತ್ತು ಮತ್ತೆ ಬರ್ತಿತ್ತು. ಇದೇ ಟ್ಯಾಂಕಲ್ಲಿ ಹಳೇ ಎಂಜಿನ್ ಯಾವತ್ತೂ ಹಿಂಗೆ ಮಾಡಿರ್ಲಿಲ್ಲ. ಯೋಚ್ನೆ ಮಾಡಿ ನೋಡಿದ್ರೆ ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರೇ ಒಂದು ಪುಟ್ಟ ಟ್ಯಾಂಕು, ಕೆಳಗಿಂದ ಪೆಟ್ರೋಲ್ ಬರೋದು ಎರಡು ಸೆಕೆಂಡ್ ನಿಂತ್ರೂ ಅಲ್ಲಿರೋದ್ರಲ್ಲಿ ಎಂಜಿನ್ ಓಡುತ್ತೆ. ಇಂಜೆಕ್ಷನ್ ಎಂಜಿನ್ನಿಗೆ ಆ ದಾಸ್ತಾನು ಇಲ್ಲ, ಇಂಜೆಕ್ಟರಿಗೆ ಪೆಟ್ರೋಲ್ ಹಂಚೋ ಪೈಪಲ್ಲಿ, ಅಂದ್ರೆ ಫ್ಯೂಯಲ್ ರೈಲಲ್ಲಿ, ಯಾವಾಗ್ಲೂ 3 ಬಾರ್ ಆಸುಪಾಸು ಒತ್ತಡ ಇರ್ಬೇಕು, ಪಂಪ್ ಒಂದು ಗುಟುಕು ಗಾಳಿ ಎಳೆದ್ರೆ ಒತ್ತಡ ಬಿತ್ತು. ಹಳೇ ಟ್ಯಾಂಕ್ ಒಳಗೆ ಪೆಟ್ರೋಲ್ ತಡೆದು ನಿಲ್ಲಿಸೋ ಗೋಡೆ ಇಲ್ಲ, ತಿರುವಲ್ಲಿ ಪೆಟ್ರೋಲೆಲ್ಲ ಬಲಕ್ಕೆ ಹೋಗಿ ಪೈಪಿನ ಬಾಯಿ ಬರಿದಾಗ್ತಿತ್ತು. ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ ಹಾಕಿದೀನಿ, ಕಮ್ಮಿ ಒತ್ತಡದ ಪಂಪ್ ಒಂದು ದೊಡ್ಡ ಟ್ಯಾಂಕಿಂದ ಅದನ್ನ ತುಂಬಿಸುತ್ತೆ, ಅದರ ತಳದಿಂದ ದೊಡ್ಡ ಒತ್ತಡದ ಪಂಪ್ ಎಳೆದು ಎಂಜಿನ್ನಿಗೆ ಕೊಡುತ್ತೆ, ರೈಲಿಂದ ವಾಪಸ್ ಬರೋದು ಇದಕ್ಕೇ, ಮಿಕ್ಕಿದ್ದು ಮೇಲಿಂದ ದೊಡ್ಡ ಟ್ಯಾಂಕಿಗೆ. ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪನ್ನ ಒತ್ತಡದ ಕಡೆ ಒಂದಡಿ ಕೂಡ ಬಿಡ್ಬೇಡಿ, ಅದು ಅರ್ಧ ಬಾರ್ ಕೂಡ ಬೇಡದ ಪಂಪಿಗೆ ಹಾಕಿದ್ದು, ಬಿಸಿ ಸೈಲೆನ್ಸರ್ ಪಕ್ಕ 3 ಬಾರಲ್ಲಿ ಪೆಟ್ರೋಲ್ ಚಿಮ್ಮಿದ್ರೆ ಕಾರು ಉಳಿಯಲ್ಲ. ಇಂಜೆಕ್ಷನ್ ಹೋಸೇ ಹಾಕಿ, ಕೆಲ್ಸ ಮಾಡುವಾಗ ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಕೊಳ್ಳಿ.

ಕೊನೇದನ್ನ ಹಿಡಿದಿದ್ದು ಅಪ್ಪ. ಒಂದಿನ ಪಕ್ಕದಲ್ಲಿ ಕೂತು ಬರ್ತಾ "ಹಿಂದೆ ಸೀಟ್ ಕೆಳಗೆ ಏನೋ ಗುರ್ ಅಂತಿದೆ ನೋಡು, ಇದು ಮೊದ್ಲು ಇರ್ಲಿಲ್ಲ" ಅಂದ್ರು. 70 ಕಿಲೋಮೀಟರ್ ವೇಗದ ಹತ್ರ ಶುರು, 85 ದಾಟಿದ್ರೆ ಕಮ್ಮಿ. 70ರಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಹಂಗೇ ಉರುಳಿಸಿದ್ರೂ ಗುರ್ ಹೋಗ್ಲಿಲ್ಲ, ಅಂದ್ರೆ ಎಂಜಿನ್ ಅಲ್ಲ, ಶಾಫ್ಟ್ ಇಲ್ಲಾ ಚಕ್ರ. ಹೊಸ ಗೇರ್ ಬಾಕ್ಸ್ ಉದ್ದ ಆದ್ರಿಂದ ಅಲ್ಲಿಂದ ಹಿಂದಿನ ಚಕ್ರದ ಕಡೆಗೆ ಪವರ್ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡ್ಸಿ ಬ್ಯಾಲೆನ್ಸ್ ಮಾಡ್ಸಿದ್ದೆ, ಮೊದಲು ಅನುಮಾನ ಅದರ ಮೇಲೇ ಹೋಯ್ತು, ಮತ್ತೆ ಬ್ಯಾಲೆನ್ಸ್ ನೋಡಿಸ್ದೆ, ಸರಿಯಾಗೇ ಇತ್ತು. ಆಮೇಲೆ ಕೋನ ಅಳೆದೆ. ಗೇರ್ ಬಾಕ್ಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರಾಗಿ ಕೂತಿದೆ, ಹಿಂದಿನ ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಮೂತಿ 2 ಡಿಗ್ರಿ ಮೇಲಕ್ಕಿದೆ. ಇವೆರಡೂ ಸಮ ಇರ್ಬೇಕು. ಶಾಫ್ಟಿನ ಎರಡೂ ತುದಿಯಲ್ಲಿರೋ ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಶಾಫ್ಟಿನ ವೇಗ ಒಂದು ಸುತ್ತಲ್ಲಿ ಎರಡು ಸಲ ಹೆಚ್ಚು ಕಮ್ಮಿ ಆಗುತ್ತೆ, ಮುಂದಿನ ಕ್ರಾಸ್ ಮಾಡಿದ ಏರುಪೇರನ್ನ ಹಿಂದಿನ ಕ್ರಾಸ್ ಅಷ್ಟೇ ಕೋನದಲ್ಲಿ ಇದ್ರೆ ಮಾತ್ರ ಅಳಿಸಿ ಹಾಕೋಕೆ ಆಗೋದು. ಗೇರ್ ಬಾಕ್ಸ್ ಮೌಂಟಿಂಗ್ ಕೆಳಗೆ 20 ಮಿಲಿಮೀಟರ್ ಪ್ಯಾಕಿಂಗ್ ಕೊಟ್ಟು ಹಿಂಭಾಗ ಎತ್ತಿದೆ, ಇಳಿಜಾರು 2.4 ಡಿಗ್ರಿಗೆ ಬಂತು. ಅಪ್ಪನ್ನ ಕೂರಿಸ್ಕೊಂಡು ಅದೇ ದಾರಿಯಲ್ಲಿ 70ರಲ್ಲಿ ಹೋದೆ, ಅವ್ರು ಸೀಟಿನ ಕೆಳಗೆ ಕೈ ಇಟ್ಟು ನೋಡಿ ತಲೆ ಅಲ್ಲಾಡಿಸಿ "ಹೋಯ್ತು" ಅಂದ್ರು.

ಪೇಪರ್ ಕೆಲ್ಸಾನೂ ಬಿಡ್ಬೇಡಿ, ಎಂಜಿನ್ ನಂಬರ್ ಬದಲಾದ್ರೆ ಗಾಡಿ ದಾಖಲೆಯಲ್ಲೂ ಬದಲಾಗ್ಬೇಕು, ಇನ್ಶೂರೆನ್ಸ್‌ನೋರಿಗೂ ಹೇಳ್ಬೇಕು, ಅದನ್ನ ಎಂಜಿನ್ ಇಳಿಸೋಕೆ ಮುಂಚೆನೇ ವಿಚಾರಿಸಿಕೊಂಡ್ರೆ ಒಳ್ಳೇದು.

ಈಗ ಉಳಿದಿರೋದು ಆರ್‌ಪಿಎಂ ಮೀಟರ್. ಅದು ಸರಿಯಾಗಿ ಅರ್ಧ ತೋರಿಸುತ್ತೆ, ಸ್ಕ್ಯಾನರಲ್ಲಿ 3000 ಇದ್ರೆ ಅದರಲ್ಲಿ 1500. ಡಿಸ್ಟ್ರಿಬ್ಯೂಟರ್ ಕಾಲದಲ್ಲಿ ಒಂದೇ ಕಾಯಿಲ್ ನಾಲ್ಕೂ ಸಿಲಿಂಡರಿಗೆ ಕಿಡಿ ಕೊಡ್ತಿತ್ತು, ಕ್ರ್ಯಾಂಕ್ ಒಂದು ಸುತ್ತಿಗೆ ಎರಡು ಕಿಡಿ, ಮೀಟರ್ ಆ ಲೆಕ್ಕದ್ದು. ಈ ಎಂಜಿನ್ನಲ್ಲಿ ಎರಡು ಕಾಯಿಲ್, ಒಂದೊಂದೂ ಸುತ್ತಿಗೆ ಒಂದೇ ಕಿಡಿ, ನಾನು ಜೋಡಿಸಿರೋದು ಒಂದು ಕಾಯಿಲ್‌ಗೆ. ಎರಡೂ ಕಾಯಿಲಿನ ಸಿಗ್ನಲ್ಲನ್ನ ಒಂದೊಂದು ಡಯೋಡ್ ಮೂಲಕ ಸೇರಿಸಿ ಕೊಟ್ರೆ ಸರಿ ಹೋಗುತ್ತೆ ಅಂತ ಗೆಳೆಯ ಹೇಳಿದಾನೆ, ಡಯೋಡ್ ತಂದಿಟ್ಟಿದೀನಿ, ಭಾನುವಾರ ಬರ್ತೀನಿ ಅಂದಿದಾನೆ.